ಬಿಳಿ ಬೆಳಕಿನಲ್ಲಿ ಹವಳ

"ಎಲ್ರೂ ಹಿಡ್ಕೊಂಡ್ರಾ? ನಾನು ಮೂರು ಅಂದ ತಕ್ಷಣ ಎತ್ತೋದು," ಎಂದು ಮೈದುನ ತೋಳೇರಿಸಿ ಮೀನಿನ ಗಾಜಿನ ತೊಟ್ಟಿಯ ಒಂದು ಮೂಲೆಗೆ ಕೈ ಕೊಟ್ಟಿದ್ದ. ಉಳಿದ ಮೂರು ಮೂಲೆಗಳಲ್ಲಿ ಅಣ್ಣನ ಲಿಫ್ಟ್ ಕಂಪನಿಯಿಂದ ಬಂದ ಮೂವರು ನಿಂತಿದ್ದರು. ಅವನು ಎರಡು ಎನ್ನುವಷ್ಟರಲ್ಲಿ ಅವಳು ಅಡುಗೆಮನೆಯಿಂದ ಓಡಿಬಂದಳು.

"ಬಿಡಿ, ಬಿಡಿ! ನೀರು ತುಂಬಿರೋ ತೊಟ್ಟಿ ಎತ್ತಿದ್ರೆ ಗಾಜು ಬಿಟ್ಕೊಳ್ಳತ್ತೆ."

"ಅತ್ತಿಗೆ, ಗಾಡಿ ಆಗ್ಲೇ ಗೇಟಿಗೆ ಬಂತು. ಈ ಅಂಗೈಯಗಲ ಕೋಣೇಲಿ ಅಣ್ಣನ್ನ ಎಲ್ಲಿ ಮಲಗಿಸ್ಲಿ ಹೇಳಿ?"

"ನನ್ನ ಹೊಲಿಗೆ ಮಷೀನು ಆಚೆ ಹಾಕಿ. ಮಂಚ ಆಚೆ ಹಾಕಿ. ಬೇಕಾದ್ರೆ ನನ್ನನ್ನೂ ಆಚೆ ಹಾಕಿ. ತೊಟ್ಟಿ ಮಾತ್ರ ಅಲ್ಲೇ ಇರಲಿ."

ಅಂದೇ ಗಂಡನನ್ನು ಕಳೆದುಕೊಂಡವಳ ಜೊತೆ ವಾದ ಮಾಡುವ ಧೈರ್ಯ ಯಾರಿಗಿದೆ? ಮೈದುನ ಕೈ ತೆಗೆದ. ಲಿಫ್ಟ್ ಕಂಪನಿಯ ಮೂವರು ಅವನಿಗಿಂತ ಮೊದಲೇ ತೆಗೆದಿದ್ದರು. ಜೀವಮಾನವೆಲ್ಲ ಭಾರವನ್ನು ಯಂತ್ರದಿಂದ ಎತ್ತಿಸಿ ಅಭ್ಯಾಸವಾದವರು; ಬೆನ್ನು ಉಳಿಯಿತಲ್ಲ ಎಂದು ಒಳಗೊಳಗೇ ಸಮಾಧಾನಪಟ್ಟುಕೊಂಡಿರಬೇಕು. ಹೊಲಿಗೆ ಮಷೀನು, ಅರ್ಧ ಹೊಲಿದ ಬಟ್ಟೆಗಳ ಗಂಟು, ಮಂಚ ಎಲ್ಲ ಹೊರಗಿನ ಓಣಿಗೆ ಹೋದವು. ಎರಡು ಬೆಂಚು ಜೋಡಿಸಿ, ತೊಟ್ಟಿಗೆ ಒತ್ತಿಕೊಂಡಂತೆ ಶವದ ಪೆಟ್ಟಿಗೆಯನ್ನು ಇಟ್ಟು ಮುಚ್ಚಳ ತೆಗೆದರು. ಅವನ ಮೂಗಿನ ಮೇಲೆ ಆಸ್ಪತ್ರೆಯ ಮಾಸ್ಕಿನ ಗೆರೆ ಇನ್ನೂ ಇತ್ತು.

ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದೂ ಪಕ್ಕದ ಕಟ್ಟಡದ ಗೋಡೆಗೆ ತೆರೆಯುತ್ತಿತ್ತು. ಹಾಡಹಗಲಲ್ಲೂ ಮಬ್ಬು. ಹೆಂಗಸರು ಅಳು ಶುರುಮಾಡಿ, ಒಂದು ಸುತ್ತು ಮುಗಿಸಿ ಮೂಗು ಒರೆಸಿಕೊಳ್ಳುತ್ತಿರುವಾಗ ತೊಟ್ಟಿಯ ಹಿಂದಿನ ಗೋಡೆಯಲ್ಲಿ ಟೈಮರ್ ಟಕ್ ಎಂದಿತು. ಮೇಲೆ ತೂಗುಹಾಕಿದ್ದ ಉದ್ದನೆಯ ದೀಪದ ಬಿಳಿ ಮಣಿಗಳೆಲ್ಲ ಒಮ್ಮೆಗೇ ಹತ್ತಿಕೊಂಡವು. ಬೆಳಕು ತೊಟ್ಟಿಯನ್ನು ತುಂಬಿ, ಗಾಜಿನಾಚೆ ಚೆಲ್ಲಿ, ಮಲಗಿದ್ದವನ ಮುಖದ ಮೇಲೆ ಬಿತ್ತು. ನೀರು ಅಲುಗಿದಂತೆಲ್ಲ ಆ ಮುಖದ ಮೇಲೆ ಗೆರೆಗಳು ಓಡಾಡಿ, ರೆಪ್ಪೆ ಅದುರಿದ ಹಾಗೆ ಕಂಡಿತು. ನಾದಿನಿ ಕಿಟಾರನೆ ಕಿರುಚಿದಳು.

"ದೀಪ ಕಣೇ, ದೀಪ," ಎಂದರು ಅತ್ತೆ. ಮಗನ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತ ಅವರು ಆವರೆಗೆ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. "ನನ್ನ ಮಗ ಮಾಡಿದ ದೀಪ. ಯಾರೂ ಆರಿಸಬೇಡಿ. ಅವನು ಈ ಮನೆ ಬಿಡೋವರೆಗೆ ಉರೀಲಿ."

ಎಲ್ಲರೂ ಅವನ ಮುಖ ನೋಡುತ್ತಿದ್ದರು. ಅವಳು ಮಾತ್ರ ತೊಟ್ಟಿಯನ್ನು ನೋಡಿದಳು. ಅವನನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ಬಿಳಿ ಬೆಳಕಿನಲ್ಲಿ ಅವಳು ಅದನ್ನು ನೋಡುತ್ತಿರುವುದು ಇದೇ ಮೊದಲು. ಬಿಳಿ ದೀಪ ಹತ್ತುವುದು ಬೆಳಗಿನ ಹೊತ್ತೇರಿದ ಮೇಲೆ; ಅಷ್ಟರಲ್ಲಿ ಅವಳು ಆಸ್ಪತ್ರೆಗೆ ಹೊರಟುಹೋಗಿರುತ್ತಿದ್ದಳು. ಸಂಜೆ ಮರಳುವಾಗ ಬಿಳಿ ಆರಿ ನೀಲಿ ಮಾತ್ರ ಉಳಿದಿರುತ್ತಿತ್ತು. ಆ ನೀಲಿಯಲ್ಲಿ ಹವಳಗಳು ಎಂದೂ ಇಲ್ಲದಷ್ಟು ಹೊಳೆಯುತ್ತಿದ್ದವು. ಈಗ ನೋಡಿದರೆ ಕಂದು, ಹಸಿರು, ಗುಲಾಬಿ ಇರಬೇಕಾದ ಕಡೆಯೆಲ್ಲ ಸುಣ್ಣ ಬಳಿದ ಹಾಗೆ ಬಿಳಿ. ಕೆಂಪು ಪಟ್ಟೆಯ ಎರಡು ಮೀನುಗಳು ತಮಗೇನೂ ಸಂಬಂಧವಿಲ್ಲವೆಂಬಂತೆ ಅವುಗಳ ನಡುವೆ ಸುಳಿಯುತ್ತಿದ್ದವು.

ಹವಳದ ಬಗ್ಗೆ ಅವಳಿಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೆ. ಆದರೆ ಒಂದು ಮಾತು ಅವನ ಬಾಯಲ್ಲಿ ಎಷ್ಟೋ ಸಲ ಕೇಳಿದ್ದಳು: ಹವಳ ಬಿಳಿಚಿಕೊಂಡಿತು ಎಂದರೆ ಕತೆ ಮುಗಿಯುತ್ತ ಬಂತು ಎಂದು ಅರ್ಥ.

*

ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎನ್ನುತ್ತಾರೆ. ಅವನದು ಎರಡಕ್ಕೂ ಸೇರದ ಕೇಸು. ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ, ತಲೆ ಅರ್ಧ ನರೆತ ಕಾಲಕ್ಕೆ ಹುಚ್ಚು ಹಿಡಿಯಿತು.

ಒಂದು ಹೋಟೆಲಿನ ಲಿಫ್ಟ್ ರಿಪೇರಿಗೆ ಹೋದವನು ಅಲ್ಲಿನ ಹಜಾರದಲ್ಲಿ ಹವಳದ ತೊಟ್ಟಿ ನೋಡಿದ. ಊಟದ ಡಬ್ಬಿ ಬಿಚ್ಚಿಕೊಂಡು ಅದರೆದುರು ಕೂತವನನ್ನು ಮ್ಯಾನೇಜರು ಬಂದು ಎಬ್ಬಿಸಬೇಕಾಯಿತಂತೆ. "ಲಿಫ್ಟಿನ ಕತ್ತಲೆ ಬಾವಿ ಒಳಗೆ ಹಗ್ಗ ನೋಡ್ಕೊಂಡು ಇಷ್ಟು ವರ್ಷ ಕಳೆದೆ ಕಣೇ," ಎಂದ ಮನೆಗೆ ಬಂದು. "ಒಂದು ಗಾಜಿನ ಡಬ್ಬಿಯೊಳಗೆ ಅಷ್ಟೊಂದು ಬಣ್ಣ ಇಟ್ಟಿದಾರೆ!"

ತೊಟ್ಟಿ ಬಂತು, ಉಪ್ಪು ಬಂತು, ಪಂಪು ಬಂತು. ದೀಪದ ಹತ್ತಿರ ಬಂದು ಗಾಡಿ ನಿಂತಿತು. ಹವಳಕ್ಕೆ ಸೂರ್ಯನಂಥ ಬೆಳಕು ಬೇಕು. ಅಂಗಡಿಯಲ್ಲಿದ್ದ ದೀಪದ ಬೆಲೆ ಕೇಳಿ ಅವನು ಎರಡು ದಿನ ಲೆಕ್ಕ ಹಾಕುತ್ತ ಕೂತ. ಮೂರನೆಯ ದಿನ, "ನಾನೇ ಮಾಡ್ತೀನಿ," ಎಂದ.

ಮೊದಲನೆಯದು ಪ್ಲೈವುಡ್ ಹಲಗೆಯ ಮೇಲೆ. ಎಲ್‌ಇಡಿ ಮಣಿಗಳನ್ನು ಸಾಲಾಗಿ ಅಂಟಿಸಿ, ಬೆಸುಗೆ ಹಾಕಿ, ಅವಳನ್ನು ಎದುರಿಗೆ ನಿಲ್ಲಿಸಿಕೊಂಡು ಸ್ವಿಚ್ ಒತ್ತಿದ. ಕೋಣೆ ಜಗ್ಗನೆ ಬೆಳಗಿತು. ಅವಳು ಚಪ್ಪಾಳೆ ತಟ್ಟಿದಳು. ಸ್ವಲ್ಪ ಹೊತ್ತಿಗೆ ಹಲಗೆಯಿಂದ ಹೊಗೆ ಎದ್ದಿತು. ಸಣ್ಣ ಮಣಿ, ಅದಕ್ಕೇನು ಮಹಾ ಬಿಸಿ ಎಂದುಕೊಂಡಿದ್ದ. ಬಿಸಿಗೆ ಹೋಗಲು ದಾರಿಯಿಲ್ಲದೆ ಮಣಿಗಳೆಲ್ಲ ಒಂದೊಂದಾಗಿ ಕಣ್ಣು ಮುಚ್ಚಿದವು.

ಎರಡನೆಯ ಸಲ ಅವನು ಕಂಪನಿಯ ಗುಜರಿಯಿಂದ ಹಳೆಯ ಲಿಫ್ಟಿನ ಬಾಗಿಲು ಜಾರುವ ಅಲ್ಯೂಮಿನಿಯಂ ಹಳಿ ತಂದ. ಎಷ್ಟೋ ಸಾವಿರ ಜನ ದಾಟಿ ಹೋದ ಹಳಿ. ಅದನ್ನು ಕೊಯ್ದು, ಉಜ್ಜಿ, ಕನ್ನಡಿಯ ಹಾಗೆ ಮಾಡಿ, ಟೂತ್‌ಪೇಸ್ಟಿನಂಥ ಬಿಸಿ ಸಾಗಿಸುವ ಬಿಳಿ ಮುಲಾಮು ಸವರಿ, ಒಂದೊಂದು ಮಣಿಯನ್ನೂ ತಿರುಪಿನಲ್ಲಿ ಬಿಗಿದ. ಮೇಲೆ ಹಳೆಯ ಕಂಪ್ಯೂಟರಿನ ಫ್ಯಾನು. ಬಿಳಿ ಮಣಿಗಳಿಗೆ ಒಂದು ರೆಗ್ಯುಲೇಟರ್, ನೀಲಿಗೆ ಇನ್ನೊಂದು. ಮೊದಲ ಸಲ ಸುಟ್ಟುಕೊಂಡ ಸಿಟ್ಟಿಗೆ ಬೇಕಾದ್ದಕ್ಕಿಂತ ದುಪ್ಪಟ್ಟು ಮಣಿ ಹಾಕಿಬಿಟ್ಟಿದ್ದ. ಹಾಗಾಗಿ ರೆಗ್ಯುಲೇಟರನ್ನು ಎಂದೂ ಅರ್ಧದ ಮೇಲೆ ತಿರುಗಿಸುತ್ತಿರಲಿಲ್ಲ.

ಹವಳಗಳಿಗೆ ಹೆಸರಿಟ್ಟವಳು ಅವಳು, ತನ್ನ ಹೊಲಿಗೆಯ ಭಾಷೆಯಲ್ಲಿ. ಪುಟ್ಟಪುಟ್ಟ ದುಂಡನೆಯವು ಗುಂಡಿ. ಅಂಚು ಅಲೆಅಲೆಯಾಗಿದ್ದದ್ದು ನೆರಿಗೆ. ತುದಿಯಲ್ಲಿ ಎಳೆಗಳನ್ನು ಬಿಟ್ಟುಕೊಂಡು ತೂಗುತ್ತಿದ್ದದ್ದು ಕುಚ್ಚು. ಅಂಗಡಿಯವನು ಹೇಳುತ್ತಿದ್ದ ಉದ್ದುದ್ದ ಹೆಸರುಗಳನ್ನು ಬಿಟ್ಟು ಅವನೂ ಅದನ್ನೇ ಹೇಳತೊಡಗಿದ.

ಒಮ್ಮೆ ಸಂಜೆ ಕೋಣೆಯ ಬಲ್ಬು ಹೋಗಿ, ತೊಟ್ಟಿಯ ನೀಲಿ ಬೆಳಕಿನಲ್ಲೇ ಅವಳು ವಕೀಲರೊಬ್ಬರ ಕಪ್ಪು ಕೋಟಿನ ಅಂಚು ಹೊಲಿದು ಮುಗಿಸಿದ್ದಳು. ಮರುದಿನ ಬಿಸಿಲಿಗೆ ಬಂದರೆ ಪೂರ್ತಿ ಮೆರೂನ್ ದಾರ. ವಕೀಲರು ಅದನ್ನು ಹಾಕಿಕೊಂಡು ಕೋರ್ಟಿನವರೆಗೂ ಹೋಗಿ ವಾಪಸ್ಸು ಬಂದಿದ್ದರು. ಅವಳು ಸಾವಿರ ಸಲ ಕ್ಷಮೆ ಕೇಳಿ ಬಿಚ್ಚುತ್ತ ಕೂತರೆ ಇವನು ಬಿದ್ದು ಬಿದ್ದು ನಕ್ಕ.

"ನೀಲೀಲಿ ಬಣ್ಣ ನಂಬಬೇಡ ಕಣೇ. ಅದು ಇರೋದನ್ನ ಮುಚ್ಚತ್ತೆ, ಇಲ್ಲದ್ದನ್ನ ತೋರ್ಸತ್ತೆ."

"ಹಾಗಾದ್ರೆ ಯಾಕೆ ಹಾಕಿದೀರಿ ಅದನ್ನ?"

"ಚಂದ ಕಾಣತ್ತಲ್ಲ, ಅದಕ್ಕೆ."

ಅವರಿಗೆ ಮಕ್ಕಳಾಗಲಿಲ್ಲ. ಆ ವಿಷಯಕ್ಕೆ ಆಗಬೇಕಿದ್ದ ಜಗಳಗಳೆಲ್ಲ ತೊಟ್ಟಿ ಬರುವ ಮುಂಚೆಯೇ ಮುಗಿದುಹೋಗಿದ್ದವು. ನೆಂಟರು ಮಾತ್ರ, "ಮೀನೇ ಇವರ ಮಕ್ಕಳು" ಎನ್ನುತ್ತಿದ್ದರು. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಮೀನು ಮೀನೇ. ಅದು ಗಂಡನ ಸಂತೋಷ, ಅಷ್ಟು ಸಾಲದೇ?

*

ಅವಳು ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಬಣ್ಣದ ಮೀನಿನ ಅಂಗಡಿಯವನಿಗೆ ಫೋನ್ ಹಚ್ಚಿದಳು. ಹವಳ, ಉಪ್ಪು, ಔಷಧಿ ಎಲ್ಲವನ್ನೂ ಗಂಡ ತರುತ್ತಿದ್ದದ್ದು ಅವನ ಬಳಿಯಿಂದ.

"ಅಕ್ಕಾ, ವಿಷಯ ಗೊತ್ತಾಯ್ತು," ಎಂದ ಅವನು. "ಮಣ್ಣಿಗೆ ಬರ್ತೀನಿ. ಅಂಗಡಿ ಮುಚ್ತಾ ಇದೀನಿ."

"ಮಣ್ಣಿಗೆ ಬಂದು ಹಾಗೇ ಹೋಗಬೇಡಿ. ಮನೆಗೆ ಬನ್ನಿ. ಹವಳ ಎಲ್ಲಾ ಬಿಳಿ ಆಗಿವೆ."

ಆ ಕಡೆ ಎಳೆಯುತ್ತಿದ್ದ ಶಟರಿನ ಸದ್ದು ಅರ್ಧಕ್ಕೇ ನಿಂತಿತು.

"ದೀಪ ಎಷ್ಟರಲ್ಲಿದೆ ಅಕ್ಕಾ?"

"ಪೂರ್ತಿ."

"ಬಿಳೀನಾ?"

"ಎರಡೂ. ನಾನೇ ತಿರುಗಿಸಿದ್ದು."

"ಸರಿ... ಮೊದ್ಲು ಅದನ್ನ ಕೆಳಗೆ ಇಳಿಸಿ. ಆಮೇಲೆ ನಾನು ಬಂದು ನೋಡ್ತೀನಿ."

ಒಂದು ಕೈಯಳತೆಯ ಕೆಲಸ. ಆದರೆ ರೆಗ್ಯುಲೇಟರ್ ಇದ್ದದ್ದು ತೊಟ್ಟಿಯ ಹಿಂದಿನ ಗೋಡೆಯಲ್ಲಿ. ತೊಟ್ಟಿಗೂ ಅವಳಿಗೂ ನಡುವೆ ಗಂಡ ಮಲಗಿದ್ದ. ಸುತ್ತ ಊರೆಲ್ಲ ಕೂತಿತ್ತು. ದೀಪ ಇಳಿಸಿ ಎಂದು ಯಾರಿಗೆ ಹೇಳುವುದು? ಅತ್ತೆ ಉರಿಯಲಿ ಎಂದಿದ್ದಾರೆ. ಯಾಕೆ ಎಂದು ಕೇಳಿದರೆ ಏನು ಹೇಳುವುದು? ಅವನು ಇಷ್ಟು ವರ್ಷ ಸಾಕಿದ್ದನ್ನು ಅವನು ಆಸ್ಪತ್ರೆಯಲ್ಲಿದ್ದಾಗ ನಾನು ಕೊಲ್ಲುತ್ತಿದ್ದೆ ಎಂದು ಹೆಣದ ಮುಂದೆ ನಿಂತು ಹೇಳಬೇಕೆ?

ಅವಳು ಬಂದು ಕೂತಳು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎನ್ನುವ ಹಾಗೆ ಕಂಪನಿಯ ಸೂಪರ್‌ವೈಸರು ಅವನ ಗುಣಗಾನ ಮಾಡುತ್ತಿದ್ದರು. ಬದುಕಿದ್ದಾಗ ಇದೇ ಮನುಷ್ಯ ಅವನ ರಜೆಯ ಅರ್ಜಿಯನ್ನು ವಾರಗಟ್ಟಲೆ ಮೇಜಿನಲ್ಲಿ ಕೊಳೆಹಾಕುತ್ತಿದ್ದದ್ದು ಅವಳಿಗೆ ಗೊತ್ತು. ಕಂಪನಿಯ ಹುಡುಗರು ಮೂಲೆಯಲ್ಲಿ ನಿಂತು ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದರು.

"ಬಂದೆಪ್ಪ ಇಲ್ದೆ ಇನ್ಮೇಲೆ ಸಿಕ್ಕಾಕೊಂಡವರ ಹತ್ರ ಯಾರೋ ಮಾತಾಡೋದು?"

"ನೀನೇ ಮಾತಾಡು."

"ನಾನು ಮಾತಾಡಿದ್ರೆ ಒಳಗಿರೋರು ಇನ್ನೂ ಹೆದರ್ಕೋತಾರೆ."

ಅವರ ನಡುವೆ ಅವನಿಗೆ ಬಿದ್ದಿದ್ದ ಹೆಸರು ಅದು. ಯಾರಾದರೂ ಲಿಫ್ಟಿನಲ್ಲಿ ಸಿಕ್ಕಿಕೊಂಡರೆ ಅವನು ಹೊರಗಿನಿಂದ, "ಬಂದೆ, ಬಂದೆ, ಹೆದರ್ಬೇಡಿ, ಬಂದೆ" ಎನ್ನುತ್ತಲೇ ಕೆಲಸ ಮಾಡುತ್ತಿದ್ದ. ಒಬ್ಬ ಹೆಂಗಸು, ಯಾರಿಗೂ ಪರಿಚಯವಿಲ್ಲದವಳು, ಬಾಗಿಲಲ್ಲೇ ನಿಂತಿದ್ದಳು. ತಾನೂ ಒಮ್ಮೆ ಸಿಕ್ಕಿಕೊಂಡಿದ್ದೆ, ಬಸುರಿಯಾಗಿದ್ದೆ, ಬಾಗಿಲು ತೆರೆಯುವವರೆಗೆ ಅವರು ಯಾವುದೋ ಹವಳದ ವಿಷಯ ಹೇಳುತ್ತಲೇ ಇದ್ದರು ಎಂದಳು. "ಮುಖ ನೋಡಿದ್ದು ಒಂದೇ ಸಲ. ದನಿ ಮಾತ್ರ ಚೆನ್ನಾಗಿ ನೆನಪಿದೆ." ಪೆಟ್ಟಿಗೆಯ ಹತ್ತಿರ ಬಂದು ನೋಡಿ, ಗುರುತು ಹತ್ತದವಳಂತೆ ಮತ್ತೆ ಹಿಂದೆ ಸರಿದಳು.

ಬಂದವರೆಲ್ಲ ಮುಖ ನೋಡಿ, ಆಮೇಲೆ ಕಣ್ಣೆತ್ತಿ ತೊಟ್ಟಿ ನೋಡಿ, ಅಲ್ಲೇ ನಿಲ್ಲುತ್ತಿದ್ದರು. ಒಬ್ಬಿಬ್ಬರು ಫೋಟೋ ಕೂಡ ತೆಗೆದರು. ನಾದಿನಿ ಅವಳ ಕಿವಿಯ ಹತ್ತಿರ ಬಗ್ಗಿ, "ಅತ್ತಿಗೆ, ಎಷ್ಟು ಚಂದ ಬೆಳ್ಳಗೆ ಅರಳಿವೆ ನೋಡಿ. ಹೋದ ಸಲ ಬಂದಾಗ ಏನೋ ಮಣ್ಣು ಮಣ್ಣು ಬಣ್ಣ ಇತ್ತು. ಅಣ್ಣ ಹೋಗೋ ದಿನಾನೇ ಹೀಗೆ ಅರಳಬೇಕಾ!" ಎಂದು ಮತ್ತೆ ಅತ್ತಳು.

ಅವಳಿಗೆ ತಡೆಯಲಾಗಲಿಲ್ಲ. ಎದ್ದಳು. ಪೆಟ್ಟಿಗೆಯ ಅಂಚಿಗೆ ಹೊಟ್ಟೆ ಒತ್ತಿ, ಒಂದು ಕೈಯನ್ನು ಗಂಡನ ಎದೆಯ ಮೇಲೂರಿ, ಇನ್ನೊಂದನ್ನು ತೊಟ್ಟಿಯ ಪಕ್ಕದಿಂದ ಹಿಂದಕ್ಕೆ ಚಾಚಿದಳು. ಬೆರಳ ತುದಿಗೆ ಬಿಳಿಯ ರೆಗ್ಯುಲೇಟರಿನ ಗಾಲಿ ಸಿಕ್ಕಿತು. ಅಷ್ಟರಲ್ಲಿ ಹಿಂದಿನಿಂದ ನಾಲ್ಕಾರು ಕೈಗಳು ಅವಳ ಸೊಂಟ, ಭುಜ ಹಿಡಿದವು.

"ಅಯ್ಯೋ, ಹಿಡ್ಕೊಳ್ರೇ! ಹೆಣದ ಮೇಲೆ ಬೀಳ್ತಿದಾಳೆ!"

"ಬಿಡ್ರಿ, ಒಂದು ನಿಮಿಷ ಬಿಡ್ರಿ!" ಎಂದು ಅವಳು ಕೂಗಿದಳು.

"ಅಳು, ಅಳು, ಆದ್ರೆ ಹೀಗೆ ಮೈಮೇಲೆ ಬೀಳಬಾರದಮ್ಮಾ, ಸಮಾಧಾನ ಮಾಡ್ಕೋ."

"ನಾನು ಬೀಳ್ತಿಲ್ಲ! ನನ್ನ ಕೈ..."

ಅವರು ಎಳೆದರು, ಅವಳು ಚಾಚಿದಳು, ಬೆರಳು ಜಾರಿತು. ಎಲ್ಲರೂ ಸೇರಿ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ, ನೀರು ಕುಡಿಸಿ, ಗಾಳಿ ಹಾಕಿದರು. ಗಂಡನೆಂದರೆ ಎಷ್ಟು ಪ್ರಾಣ ನೋಡಿ ಎಂದು ಯಾರೋ ಹೇಳಿದ ಮೇಲೆ ಅವಳಿಗೆ ನಿಜವಾಗಿಯೂ ಅಳು ಬಂತು. ಆ ಅಳು ಯಾವುದಕ್ಕೆಂದು ಅವಳಿಗೇ ಬಿಡಿಸಿ ಹೇಳಲು ಬರುತ್ತಿರಲಿಲ್ಲ. ದೀಪ ಪೂರ್ತಿ ಉರಿಯುತ್ತಲೇ ಇತ್ತು.

*

ಉಸಿರು ಕಟ್ಟಿ ಅವನನ್ನು ದಿಢೀರನೆ ಸೇರಿಸಿದ ದಿನ ಸ್ಟ್ರೆಚರಿನ ಮೇಲೆ ಮಲಗಿಕೊಂಡೇ ಅವನು ತೊಟ್ಟಿಯ ಪಾಠ ಹೇಳಿದ್ದ. ಮೀನಿಗೆ ಚಿಟಿಕೆ ಆಹಾರ. ಗಾಜು ಒರೆಸಬೇಕು. ನೀರು ಆರಿ ಕಡಿಮೆಯಾದರೆ ಬರೀ ನೀರು ಹಾಕು, ಉಪ್ಪು ನೀರಲ್ಲ. "ಉಪ್ಪು ಎಲ್ಲೂ ಹೋಗಲ್ಲ. ನೀರಷ್ಟೇ ಹೋಗೋದು." ಇಷ್ಟು ಹೇಳುವುದರಲ್ಲಿ ಉಸಿರು ಸಾಲದಾಯಿತು. ರೆಗ್ಯುಲೇಟರಿನ ವಿಷಯ ಹೇಳಬೇಕೆಂದು ಅವನಿಗೆ ತೋಚಲಿಲ್ಲ. ಹಾಕಿದಂದಿನಿಂದ ಅವಳು ಅದನ್ನು ಮುಟ್ಟಿದವಳೇ ಅಲ್ಲ.

ಮೊದಮೊದಲ ಸಂಜೆಗಳಲ್ಲಿ ಬಂದು ನೋಡಿದರೆ ಹವಳಗಳು ಮುದುಡಿಕೊಂಡು ಮಂಕಾಗಿ ಕೂತಿದ್ದವು. ಕುಚ್ಚು ಒಳಗೆ ಎಳೆದುಕೊಂಡಿತ್ತು. ನೆರಿಗೆ ಜೋತುಬಿದ್ದಿತ್ತು. ಯಜಮಾನ ಇಲ್ಲದ ಮನೆ ಎಂದುಕೊಂಡಳು. ಹೊಲಿಗೆಯವಳಿಗೆ ಗೊತ್ತಿರುವ ಮದ್ದು ಒಂದೇ: ಸೂಜಿಗೆ ದಾರ ಹೋಗಲಿಲ್ಲವೆಂದರೆ ದೀಪ ದೊಡ್ಡದು ಮಾಡುವುದು. ತೊಟ್ಟಿಯ ಹಿಂದೆ ಕೈ ಹಾಕಿ ಎರಡೂ ಗಾಲಿಗಳನ್ನು ತಿರುಗುವಷ್ಟೂ ತಿರುಗಿಸಿದಳು. ಅವನು ಮನೆಗೆ ಬರುವ ಹೊತ್ತಿಗೆ ಎಲ್ಲ ನಳನಳಿಸುತ್ತಿರಲಿ.

ನಿಜಕ್ಕೂ ಹಾಗೇ ಆಯಿತು. ಒಂದು ವಾರ ಕಳೆಯುವಷ್ಟರಲ್ಲಿ ಸಂಜೆಯ ನೀಲಿಯಲ್ಲಿ ಗುಂಡಿಗಳು ಕೆಂಡದ ಹಾಗೆ, ಕುಚ್ಚಿನ ತುದಿಗಳು ಹಸಿರು ಕಿಡಿಗಳ ಹಾಗೆ ಹೊಳೆಯತೊಡಗಿದವು. ಅವಳು ದಿನಾ ಬೆಳಿಗ್ಗೆ ವಾರ್ಡಿಗೆ ಹೋಗಿ ಮೊದಲು ಹೇಳುತ್ತಿದ್ದದ್ದು ಅದನ್ನೇ. ಕೈ ತಿರುವಿ, ಬೆರಳು ಅರಳಿಸಿ, ಕುಚ್ಚು ಹೇಗೆ ತೂಗುತ್ತಿದೆ ಎಂದು ಮಾಡಿ ತೋರಿಸಿ ನಗುತ್ತಿದ್ದಳು. ಪಕ್ಕದ ಹಾಸಿಗೆಯ ಮುದುಕನೂ ನಗುತ್ತಿದ್ದ. ಮಾಸ್ಕಿನೊಳಗೆ ಗಂಡನ ಕೆನ್ನೆ ಉಬ್ಬುತ್ತಿತ್ತು.

"ನೆರಿಗೆ ಅಂತೂ ಪೂರ್ತಿ ಹಸಿರು ಬೆಂಕಿ ಕಣ್ರೀ," ಎಂದಳು ಒಂದು ದಿನ. "ನೀವಿದ್ದಾಗ್ಲೂ ಹಾಗಿರ್ಲಿಲ್ಲ. ನನ್ನ ಕೈಗುಣ ನೋಡಿ!"

ಅವನು ಅವಳನ್ನು ಬಹಳ ಹೊತ್ತು ನೋಡಿದ. ಮಾಸ್ಕನ್ನು ಪಕ್ಕಕ್ಕೆ ಸರಿಸಿದ.

"ಬಿಳಿ ದೀಪ ಇರುವಾಗ ನೋಡಿದ್ಯಾ?"

"ಬಿಳಿ ದೀಪ ಇರೋವಾಗ ನಾನು ಇಲ್ಲೇ ಇರ್ತೀನಲ್ಲ. ಯಾಕೆ?"

ಅವನು ಮಾಸ್ಕನ್ನು ಮತ್ತೆ ಎಳೆದುಕೊಂಡ. ಅದರೊಳಗಿನಿಂದ ಅವನ ಮಾತು ದೂರದಿಂದ ಬಂದ ಹಾಗೆ ಕೇಳಿಸಿತು.

"ಏನಿಲ್ಲ. ಚೆನ್ನಾಗಿದೆ ಬಿಡು. ನಾಳೆ ಬಂದು ಮತ್ತೆ ಹೇಳು."

*

ಮಣ್ಣು ಮಾಡಿ ಬಂದಾಗ ಹೊತ್ತು ಇಳಿದಿತ್ತು. ಅಲ್ಲಿ ಏನೇನಾಯಿತು ಎಂಬುದು ಅವಳಿಗೆ ಸರಿಯಾಗಿ ನೆನಪುಳಿಯಲಿಲ್ಲ. ಪೆಟ್ಟಿಗೆಯನ್ನು ಇಳಿಸುವಾಗ ಹಗ್ಗ ಹಿಡಿದದ್ದು ಕಂಪನಿಯ ಹುಡುಗರು. ಎಷ್ಟಾದರೂ ಹಗ್ಗದ ಕೆಲಸದವರು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ, ಒಂದಿಷ್ಟೂ ಓಲದಂತೆ ಇಳಿಸಿದರು. ಅದೊಂದು ನೆನಪಿತ್ತು.

ಮನೆಗೆ ಬಂದವಳೇ ಕಾಲು ಕೂಡ ತೊಳೆಯದೆ ರೆಗ್ಯುಲೇಟರಿನ ಗಾಲಿಗಳನ್ನು ಕೆಳಗೆ ತಿರುಗಿಸಿದಳು. ಈಗ ತಡೆಯುವವರು ಯಾರೂ ಇರಲಿಲ್ಲ. ಕೋಣೆಯ ನಡುವೆ ಎರಡು ಬೆಂಚು ಬರಿದಾಗಿ ನಿಂತಿದ್ದವು. ಮೈದುನ, ನಾದಿನಿ, ಅತ್ತೆ, ಇನ್ನೂ ಹೋಗದೆ ಉಳಿದ ಕೆಲವರು ಹೊರಗಿನ ಓಣಿಯಲ್ಲಿ ಅವಳ ಹೊಲಿಗೆ ಮಷೀನಿನ ಮೇಲೆ ಲೋಟಗಳನ್ನಿಟ್ಟುಕೊಂಡು ಚಹಾ ಕುಡಿಯುತ್ತಿದ್ದರು.

ಅಂಗಡಿಯವನು ಒಂದು ಚೀಲ ಹಿಡಿದುಕೊಂಡು ಒಳಗೆ ಬಂದ. ಅದರಲ್ಲಿ ಔಷಧಿಯ ಬಾಟಲಿಗಳಿದ್ದವು. ಚೀಲ ಕೆಳಗಿಟ್ಟು, ತೋಳು ಮೇಲಕ್ಕೆ ಮಾಡಿ, ತೊಟ್ಟಿಯೊಳಗೆ ಕೈ ಇಳಿಸಿ ನೆರಿಗೆಯ ಅಂಚನ್ನು ಬೆರಳಿನಿಂದ ಮೆಲ್ಲಗೆ ಸವರಿದ. ಬೆರಳಿಗೆ ತೆಳ್ಳನೆಯ ಪೊರೆ ಅಂಟಿಕೊಂಡು ಬಂತು. ಅದರ ಕೆಳಗೆ ಕಲ್ಲಿತ್ತು. ಅವನು ಕೈಯನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಟವೆಲಿಗೆ ಒರೆಸಿಕೊಂಡ. ಚೀಲವನ್ನು ಬಿಚ್ಚಲೇ ಇಲ್ಲ.

"ಉಳಿಯತ್ತಾ?" ಎಂದಳು.

"ಅಕ್ಕಾ, ಹವಳದ ಮೈಯೊಳಗೆ ಪಾಚಿ ಥರದ್ದು ಒಂದು ಇರತ್ತೆ. ಅದರದ್ದೇ ಬಣ್ಣ, ಅದರದ್ದೇ ಊಟ. ಬೆಳಕು ಜಾಸ್ತಿ ಆದ್ರೆ ಅದನ್ನ ಹೊರಗೆ ಹಾಕಿಬಿಡತ್ತೆ. ಆಮೇಲೆ ಉಪವಾಸ."

"ನಾನು ಕೇಳಿದ್ದು ಉಳಿಯತ್ತಾ ಅಂತ."

"ಇಲ್ಲ."

"ಒಂದೂ?"

ಅವನು ತೊಟ್ಟಿಯನ್ನು ಇನ್ನೊಮ್ಮೆ ನೋಡಿದ. ಸುಳ್ಳು ಹೇಳಲು ಒಂದು ಜಾಗ ಸಿಗಬಹುದೇ ಎಂದು ಹುಡುಕಿದವನ ಹಾಗಿತ್ತು. "ಒಂದೂ ಇಲ್ಲ ಅಕ್ಕಾ. ಮಾಂಸ ಬಿಡ್ತಾ ಇದೆ. ಮೀನು ಇರ್ತವೆ. ಇನ್ನೊಂದು ವಾರ ನೀಲೀಲಿ ಮಾತ್ರ ಹೀಗೇ ಹೊಳೀತವೆ. ಸಾಯೋಕ್ ಮುಂಚೆ ಹಾಗೆ."

ಅವಳು ಬೆಂಚಿನ ಮೇಲೆ ಕೂತಳು. "ಅವರು ಇದ್ದಾಗ್ಲೇ ನಿಮ್ಮನ್ನ ಕರೀಬೇಕಿತ್ತು ನಾನು. ಅವರಿಗೆ ಗೊತ್ತಿದ್ರೆ..."

"ಅವರಿಗೆ ಗೊತ್ತಿತ್ತು."

ಹೇಳಿದ ಮೇಲೆ ಅವನಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಆದರೆ ಆಡಿದ ಮಾತು ಆಡಿಯಾಗಿತ್ತು. ಅವಳು ಅವನನ್ನೇ ನೋಡುತ್ತಿದ್ದಳು.

"ಆಸ್ಪತ್ರೆಯಿಂದ ಫೋನ್ ಮಾಡಿದ್ರು," ಎಂದ. "ನೀವು ಕ್ಯಾಂಟೀನಿಗೆ ಹೋಗಿದ್ರಂತೆ. ನೀಲೀಲಿ ಇದ್ದಕ್ಕಿದ್ದ ಹಾಗೆ ಜಾಸ್ತಿ ಹೊಳೀತಿದೆ ಅಂದ್ರೆ ಏನರ್ಥ ಅಂದ್ರು. ಅವರಿಗೆ ಗೊತ್ತಿರ್ಲಿಲ್ವಾ? ಗೊತ್ತಿತ್ತು. ನನ್ನ ಬಾಯಲ್ಲಿ ಕೇಳಬೇಕಿತ್ತು ಅಷ್ಟೆ. ನಾನು ಹೇಳಿದೆ. ಈಗ್ಲೇ ಮನೆಗೆ ಹೋಗಿ ದೀಪ ಇಳಿಸ್ತೀನಿ ಅಣ್ಣಾ, ಒಂದೆರಡು ಉಳಿದ್ರೂ ಉಳೀಬಹುದು ಅಂದೆ. ಬೇಡ ಅಂದ್ರು."

"ಯಾಕೆ?"

"ನೀನು ಹೋದ್ರೆ ಅವಳಿಗೆ ಗೊತ್ತಾಗ್ಬಿಡತ್ತೆ ಅಂದ್ರು. ದಿನಾ ಬಂದು ಅದನ್ನ ಹೇಳುವಾಗ ಒಂದು ನಗು ನಗ್ತಾಳೆ. ಈ ವಾರ್ಡಲ್ಲಿ ಇರೋದು ಅದೊಂದೇ ಕಣೋ, ಅದನ್ನ ತೆಗೀಬೇಡ ಅಂದ್ರು."

ಅವಳು ಎರಡೂ ಕೈಗಳಿಂದ ಬೆಂಚಿನ ಅಂಚನ್ನು ಹಿಡಿದುಕೊಂಡಳು. ಆ ಫೋನಿನ ಮೇಲೂ ಎಷ್ಟು ದಿನ ಬೆಳಿಗ್ಗೆ ಹೋಗಿ ಕೈ ತಿರುವಿ, ಬೆರಳು ಅರಳಿಸಿ, ನನ್ನ ಕೈಗುಣ ನೋಡಿ ಎಂದಿದ್ದಳು! ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಕೇಳಿ ಕೇಳಿ, ನಾಳೆ ಮತ್ತೆ ಹೇಳು ಎಂದಿದ್ದ. ಅವನ ಮೇಲೆ ಅವಳಿಗೆ ಬಂದಷ್ಟು ಸಿಟ್ಟು ಇಡೀ ಮದುವೆಯಲ್ಲಿ ಎಂದೂ ಬಂದಿರಲಿಲ್ಲ, ಮತ್ತು ಆ ಸಿಟ್ಟನ್ನು ತೀರಿಸಿಕೊಳ್ಳಲು ಅವನು ಎಲ್ಲಿದ್ದ?

ಟೈಮರ್ ಟಕ್ ಎಂದಿತು. ಬಿಳಿ ಆರಿ, ನೀಲಿ ಉಳಿಯಿತು.

"ಅಯ್ಯೋ, ಬನ್ರೇ ಇಲ್ಲಿ, ನೋಡ್ರೇ!" ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದ ನಾದಿನಿ ಕೂಗಿದಳು. ಒಬ್ಬೊಬ್ಬರಾಗಿ ಎಲ್ಲರೂ ಒಳಗೆ ಬಂದರು. ಮೈದುನ ತಾಯಿಯ ತೋಳು ಹಿಡಿದು ಕರೆತಂದ. ಕೆಂಡ, ಹಸಿರು, ಕಿತ್ತಳೆ. ತೊಟ್ಟಿಯೊಳಗೆ ಇಡೀ ಒಂದು ಊರಿಗೆ ದೀಪ ಹಚ್ಚಿದ ಹಾಗಿತ್ತು.

"ಅಣ್ಣ ಎಲ್ಲೂ ಹೋಗಿಲ್ಲ ಅತ್ತಿಗೆ," ಎಂದ ಮೈದುನ. ಅಂಗಡಿಯವನ ಕಡೆ ತಿರುಗಿ, "ಇದನ್ನ ನೋಡ್ಕೊಳ್ಳೋದು ಹೇಗೆ ಅಂತ ನಮಗೂ ಸ್ವಲ್ಪ ಹೇಳ್ಕೊಡಿ. ಅತ್ತಿಗೆ ಒಬ್ರಿಗೇ ಕಷ್ಟ. ನಾನು ವಾರಕ್ಕೊಂದ್ಸಲ ಬರ್ತೀನಿ," ಎಂದ.

ಅಂಗಡಿಯವನು ಅವಳ ಮುಖ ನೋಡಿದ.

"ಹೇಳ್ಕೊಡ್ತಾರೆ," ಎಂದಳು ಅವಳು. "ಇವತ್ತು ಬೇಡ."

ಅವನು ಚೀಲ ಎತ್ತಿಕೊಂಡು, ಯಾರಿಗೂ ತಾಗದಂತೆ ಗೋಡೆಯ ಬದಿಯಿಂದ ಹೊರಗೆ ಹೋಗಿ ಚಪ್ಪಲಿ ಹುಡುಕತೊಡಗಿದ. ಇನ್ನೂ ಚೆನ್ನಾಗಿ ಕಾಣಲಿ ಎಂದು ಮೈದುನ ಟ್ಯೂಬ್‌ಲೈಟ್ ಆರಿಸಿದ. ಕುರ್ಚಿಗಳನ್ನು ಒಳಗೆ ತಂದು ತೊಟ್ಟಿಯ ಎದುರು ಹಾಕಿದರು. ಅತ್ತೆ ಎಲ್ಲರಿಗಿಂತ ಮುಂದೆ ಕೂತು ಗಾಜಿಗೆ ಅಂಗೈ ಒತ್ತಿದರು.

"ಬೆಚ್ಚಗಿದೆ," ಎಂದರು. ಸೊಸೆಯ ಕೈಯನ್ನು ಹುಡುಕಿ ಎಳೆದು, ತಮ್ಮ ಕೈಯ ಪಕ್ಕದಲ್ಲಿ ಗಾಜಿನ ಮೇಲೆ ಇಟ್ಟುಕೊಂಡರು. "ನೋಡು. ಎಷ್ಟು ಬೆಚ್ಚಗಿದೆ."

ಅಂಗಡಿಯವನು ಬೆರಳಾಡಿಸಿದ್ದ ನೆರಿಗೆಯ ಅಂಚಿನಿಂದ ಒಂದು ಚೂರು ಪೊರೆ ಬಿಟ್ಟುಕೊಂಡಿತು. ಪಂಪಿನ ನೀರು ಅದನ್ನು ಮೇಲಕ್ಕೆ ತಂದಿತು. ಹಸಿರಾಗಿ ಉರಿಯುತ್ತ, ಹೊರಳುತ್ತ ಅದು ತೊಟ್ಟಿಯ ಉದ್ದಕ್ಕೂ ತೇಲಿ ಹೊರಟಿತು. ಅತ್ತೆಯ ಮುಖ ಅರಳಿತು. ಮಗುವಿಗೆ ತೋರಿಸುವವರ ಹಾಗೆ ಅದರ ಹಿಂದೆಯೇ ಗಾಜಿನ ಮೇಲೆ ಬೆರಳು ಓಡಿಸುತ್ತ, ಅದು ಹೋದ ಕಡೆಗೆಲ್ಲ ಅವರು ಸೊಸೆಯ ಕೈಯನ್ನೂ ಕರೆದೊಯ್ದರು.